ನೀರಿನ ಸರದಿಗೆ ಒಂದು ಆಪು

ನಮ್ಮ ಕೆರೆ ಏರಿಯ ಮೇಲಿರುವ ಪಂಪ್ ಶೆಡ್ಡಿನ ಬಾಗಿಲಿಗೆ ಒಂದು ಕಪ್ಪು ಹಲಗೆ ತೂಗುಹಾಕಿದೆ. ಅದರ ಮೇಲೆ ಬರೆಯುವ ಅಧಿಕಾರ ನನಗೊಬ್ಬಳಿಗೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಈ ಕೆಲಸ ಯಾಕೆ ಕೊಟ್ಟರು ಎಂದರೆ, ನಾನು ಯಾರನ್ನೂ ನಂಬುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಒಬ್ಬರನ್ನು ನಂಬಿ ಇನ್ನೊಬ್ಬರನ್ನು ನಂಬದವಳಾಗಿದ್ದರೆ ಜಗಳವಾಗುತ್ತಿತ್ತು. ಎಲ್ಲರ ಮೇಲೂ ಒಂದೇ ಸಮ ಅನುಮಾನ ಇದ್ದುದರಿಂದ ತಕರಾರು ಬರಲಿಲ್ಲ.

ಕೊಡ್ಲಿಪೇಟೆಯ ರಸ್ತೆ ಬಿಟ್ಟು ಒಳಗೆ ಬಂದರೆ ನಮ್ಮ ಊರು. ಏಳು ಮನೆಯವರಿಗೆ ಸೇರಿ ಒಂದು ಕೆರೆ, ಒಂದು ಡೀಸೆಲ್ ಪಂಪು, ಒಂದು ಸೆಟ್ ಪೈಪು ಮತ್ತು ಸ್ಪ್ರಿಂಕ್ಲರ್. ಎಲ್ಲರದೂ ಸಣ್ಣ ತೋಟ, ಎಲ್ಲರದೂ ರೋಬಸ್ಟಾ. ಮಾಗಿ ಕಳೆದು ಬಿಸಿಲು ಏರಿದ ಮೇಲೆ ರೋಬಸ್ಟಾ ಗಿಡ ಮೊಗ್ಗು ಕಟ್ಟಿಕೊಂಡು ನೀರಿಗಾಗಿ ಕಾಯುತ್ತದೆ. ಆಗ ಒಂದು ಒಳ್ಳೆಯ ಮಳೆ ಬಂದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಿಡಿಯಬೇಕು. ಇವೆರಡಕ್ಕಿಂತ ಕೆಟ್ಟದ್ದು ಅರ್ಧ ಮಳೆ. ಅರ್ಧ ಮಳೆಗೆ ಮೊಗ್ಗು ಎಚ್ಚರಗೊಳ್ಳುತ್ತದೆ, ಅರಳಲು ಸಾಲುವಷ್ಟು ನೀರಿಲ್ಲದೆ ಬಿಸಿಲಿಗೆ ಕರಕಾಗುತ್ತದೆ. ಒಂದೆರಡು ದಿನದೊಳಗೆ ಮೇಲಿನಿಂದ ನೀರು ಕೊಟ್ಟರೆ ಉಳಿಯಿತು. ಇಲ್ಲವೆಂದರೆ ಆ ವರ್ಷದ ಕಾಫಿ ಅಲ್ಲಿಗೆ ಮುಗಿಯಿತು.

ಅದಕ್ಕೇ ನಮ್ಮ ಹಲಗೆಗೆ ಒಂದು ಕಟ್ಟುಪಾಡು ಇದೆ. ಇಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತೇವೆ. ನೂರು ಸೆಂಟಿಗೆ ಒಂದು ಇಂಚು. ಪ್ರತಿ ಮನೆಯ ಮುಂದೆಯೂ ಕಂಬಕ್ಕೆ ಕಟ್ಟಿದ ಮಳೆ ಡಬ್ಬಿ ಇರುತ್ತದೆ. ಮೇಲೆ ಆಲಿಕೆ, ಒಳಗೆ ಗೆರೆ ಹಾಕಿದ ಗಾಜಿನ ಕೊಳವೆ. ಐವತ್ತು ಸೆಂಟಿಗಿಂತ ಹೆಚ್ಚು ಬಿದ್ದವರ ಹೆಸರು ಸರದಿಯ ಕೊನೆಗೆ ಹೋಗುತ್ತದೆ. ಅದಕ್ಕಿಂತ ಕಡಿಮೆ ಬಿದ್ದು ಅರ್ಧ ನೆನೆದವರು ಮುಂದೆ ಬರುತ್ತಾರೆ. ಅಂಥವರು ಇಬ್ಬರಿದ್ದರೆ ಮೊದಲು ಬಂದು ಹೇಳಿದವರಿಗೆ ಮೊದಲ ನೀರು.

ಒಂದು ಗುಡ್ಡದ ಈ ಪಕ್ಕ ಸುರಿದ ಮಳೆ ಆ ಪಕ್ಕ ಇರುವುದಿಲ್ಲ. ಹಾಗಾಗಿ ಯಾರ ತೋಟಕ್ಕೆ ಎಷ್ಟು ಬಿತ್ತು ಎಂದು ಅವರೇ ಹೇಳಬೇಕು, ನಾವು ಕೇಳಬೇಕು. ಅಲ್ಲಿಯೇ ಸುಳ್ಳು ನುಸುಳುವುದು. ಮಳೆ ನಿಂತ ಕೂಡಲೇ ಎಲ್ಲರ ಬಾಯಲ್ಲೂ ಇಪ್ಪತ್ತೈದು ಸೆಂಟು, ಮೂವತ್ತು ಸೆಂಟು. ನಲವತ್ತೊಂಬತ್ತು ಎಂದು ಹೇಳಿದವರನ್ನೂ ನಾನು ಕಂಡಿದ್ದೇನೆ. ನಾನು ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿ ಆಮೇಲೆ ಸೀಮೆಸುಣ್ಣ ಹಿಡಿಯುತ್ತಿದ್ದೆ. ಅಷ್ಟು ನೋಡಿದರೆ ಕೆಲವರು ತಾವಾಗಿಯೇ ಹತ್ತು ಸೆಂಟು ಏರಿಸುತ್ತಿದ್ದರು.

ಏಳು ಮನೆಯಲ್ಲಿ ಈ ಸಂಗತಿಗೆ ಬೇಕಾದವು ಮೂರೇ. ಒಂದು ನಮ್ಮದು. ಇನ್ನೊಂದು ಮೇಲ್ತೋಟದವನದು, ನನ್ನನ್ನು ಅತ್ತೆ ಎಂದು ಕರೆಯುತ್ತಾನೆ, ನಲವತ್ತೈದರ ಆಸುಪಾಸಿನವನು, ಊರಿನಲ್ಲಿ ಯಾರ ಬಳಿಯೂ ಇಲ್ಲದ ಜಾತಿಯ ಫೋನು ಇಟ್ಟುಕೊಂಡಿದ್ದಾನೆ. ಮೂರನೆಯದು ಕೆಳಗಿನ ಮನೆಯವಳದು. ಅವಳು ಗಂಡ ಇಲ್ಲದವಳು, ಮುಕ್ಕಾಲು ಎಕರೆ ತೋಟವನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ, ಅವಳ ಹತ್ತಿರ ಇರುವುದು ಒತ್ತುವ ಗುಂಡಿಯ ಹಳೆಯ ಫೋನು.

ನನ್ನ ಮಗನ ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿ ಓದುತ್ತಿದ್ದಳು. ಕಂಪ್ಯೂಟರ್ ಓದು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಕೊನೆಯ ವರ್ಷ ಏನಾದರೊಂದು ಸ್ವಂತವಾಗಿ ಮಾಡಿ ತೋರಿಸಬೇಕಂತೆ. ಒಂದು ಸಂಜೆ ನಾನು ಸೊಪ್ಪು ಬಿಡಿಸುತ್ತಿದ್ದಾಗ ಎದುರಿಗೆ ಬಂದು ಕುಳಿತಳು.

“ಅಜ್ಜಿ, ನಿನ್ನ ಹಲಗೆಗೆ ನಾನೊಂದು ಆಪ್ ಮಾಡ್ತೀನಿ.”

“ಹಲಗೆಗೆ ಏನಾಗಿದೆ?”

“ಏನೂ ಆಗಿಲ್ಲ. ಆದ್ರೆ ಸರದಿ ನೋಡೋಕೆ ಎಲ್ರೂ ಏರಿ ಹತ್ತಿ ಬರ್ಬೇಕಲ್ಲ. ಮನೇಲೇ ಕೂತು ನೋಡ್ಬಹುದು. ಮಳೆ ಎಷ್ಟು ಬಿತ್ತು ಅಂತ ಅವರವರೇ ಹಾಕ್ಬಹುದು.”

“ಅವರವರೇ ಹಾಕೋದಾದ್ರೆ ಸುಳ್ಳು ಹೇಳೋಕೆ ನನ್ನ ಮುಖನೂ ನೋಡ್ಬೇಕಾಗಿಲ್ಲ. ಒಳ್ಳೇದೇ ಆಯ್ತು ಅವರಿಗೆ.”

ಅವಳು ನಗಲಿಲ್ಲ. ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಈ ಹುಡುಗಿ ಏನು ಹೇಳಿದರೂ ಬರೆದುಕೊಳ್ಳುತ್ತಾಳಲ್ಲ, ಎಲ್ಲಿಗೆ ಕೊಂಡೊಯ್ದು ಕೊಡುತ್ತಾಳೋ ಎಂದು ನನಗೆ ಅವಳ ಮೇಲೂ ಅನುಮಾನವಾಯಿತು.

ಮಾಡುವುದಕ್ಕೆ ಮೂರು ದಾರಿ ಇದೆ, ಯಾವುದು ಹಿಡಿಯಬೇಕೋ ಗೊತ್ತಾಗುತ್ತಿಲ್ಲ ಎಂದಳು. ನನಗೆ ಅರ್ಥವಾಗುವ ಹಾಗೆ ಹೇಳು, ಇಲ್ಲವಾದರೆ ಎದ್ದು ಹೋಗು ಎಂದೆ. ಅವಳು ಹೇಳಿದ್ದು ಹೀಗೆ. ಫೋನುಗಳಲ್ಲಿ ಎರಡು ಜಾತಿ. ಮೊದಲ ದಾರಿಯಲ್ಲಿ ಎರಡು ಜಾತಿಗೂ ಬೇರೆ ಬೇರೆಯಾಗಿ ಆಪು ಮಾಡಬೇಕು. ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ ಚೆನ್ನಾಗಿ ಕೂರುತ್ತದೆ, ಆದರೆ ಎರಡು ಸಲ ಹೊಲಿಯಬೇಕು. ಎರಡನೆಯ ದಾರಿಯಲ್ಲಿ ಒಂದೇ ಸಲ ಮಾಡಿದರೆ ಎರಡರಲ್ಲೂ ನಡೆಯುತ್ತದೆ, ನೈಟಿ ಇದ್ದ ಹಾಗೆ. ಎಲ್ಲರಿಗೂ ಆಗುತ್ತದೆ, ಯಾರಿಗೂ ಸರಿಯಾಗಿ ಕೂರುವುದಿಲ್ಲ. ಇವೆರಡನ್ನೂ ಫೋನಿನೊಳಗೆ ಇಳಿಸಿಕೊಳ್ಳಬೇಕು. ಇಳಿಸಿಕೊಂಡರೆ ಸಿಗ್ನಲ್ ಇಲ್ಲದಿದ್ದರೂ ತೆರೆಯುತ್ತದೆ, ಬರೆಯಬಹುದು. ಮೂರನೆಯದು ಇಳಿಸಿಕೊಳ್ಳುವಂಥದ್ದಲ್ಲ. ಅದು ಎಲ್ಲೋ ಒಂದು ಕಡೆ ಇರುವ ಒಂದು ಪುಟ. ಯಾವ ಫೋನಿನಿಂದ ಬೇಕಾದರೂ ಹೋಗಿ ನೋಡಬಹುದು, ಆದರೆ ಸಿಗ್ನಲ್ ಇದ್ದರೆ ಮಾತ್ರ.

“ಮೂರನೇದು ನನ್ನ ಹಲಗೆ ಥರವೇ ಅಲ್ವಾ” ಎಂದೆ. “ನಡ್ಕೊಂಡು ಹೋಗಿ ನೋಡ್ಬೇಕು.”

“ಹೂಂ, ಹಂಗೇ. ಆದ್ರೆ ನಮ್ಮನೇಲಿ ಸಿಗ್ನಲ್ ಎಲ್ಲಿದೆ ಅಜ್ಜಿ? ಏರಿ ಮೇಲೆ ಹೋದ್ರೆ ಎರಡು ಗೆರೆ ಬರುತ್ತೆ ಅಷ್ಟೇ. ನಮ್ಮ ಸರ್ ಕೂಡ ಇಳಿಸ್ಕೊಳ್ಳೋದನ್ನೇ ಮಾಡು ಅಂತಾರೆ.”

“ನಿಮ್ಮ ಸರ್‌ಗೆ ಕಾಫಿ ತೋಟ ಇದೆಯಾ?”

“ಇಲ್ಲ.”

“ಹಂಗಾದ್ರೆ ಅವರ ಮಾತು ಯಾಕೆ?”

ಆದರೂ ಅವಳು ಎರಡನೆಯ ದಾರಿಯನ್ನೇ ಹಿಡಿದಳು. ಅದಕ್ಕೆ ಮೇಲ್ತೋಟದವನು ಒತ್ತಾಸೆ ಕೊಟ್ಟ. ಸುದ್ದಿ ಕಿವಿಗೆ ಬಿದ್ದ ದಿನವೇ ನಮ್ಮ ಜಗಲಿಗೆ ಬಂದು ಕಾಫಿ ಕುಡಿದು, ಮಗು ಒಳ್ಳೆ ಕೆಲಸ ಮಾಡ್ತಿದೆ, ನನ್ನ ಫೋನಿನಲ್ಲೂ ನಡೆಯೋ ಥರ ಮಾಡಮ್ಮ ಎಂದು ಹೇಳಿ ಹೋದ. ಎಂದೂ ಬಾರದವನು ಯಾಕೆ ಬಂದ ಎಂದು ನಾನು ಆ ದಿನವೆಲ್ಲ ಯೋಚಿಸಿದೆ. ಅವನ ತೋಟಕ್ಕೆ ಪೈಪು ಹೋಗುವುದು ಕೆಳಗಿನ ಮನೆಯವಳ ಬೇಲಿಯನ್ನು ಬಳಸಿಕೊಂಡು. ಅವಳ ಸರದಿ ಆದ ಮೇಲೆ ಅವನ ಸರದಿ ಬಂದರೆ ಪೈಪು ಕಳಚಿ ಹೊರುವ ಕೆಲಸ ಅರ್ಧಕ್ಕರ್ಧ ಉಳಿಯುತ್ತದೆ. ಇದನ್ನು ತಲೆಯಲ್ಲಿ ಇಟ್ಟುಕೊಂಡೆ.

ಆಪು ತಯಾರಾಗಿ ಅವಳ ಫೋನಿನಲ್ಲಿ ಮೊದಲ ಸಲ ತೆರೆದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅದು ಮೊದಲು ಏನೋ ಕೇಳಿತು. ಓದು ಎಂದೆ. ನಿಮ್ಮ ಫೋಟೊಗಳನ್ನು ನೋಡಲು ಬಿಡುತ್ತೀರಾ, ನಿಮ್ಮ ಫೋನಿನಲ್ಲಿರುವ ಹೆಸರುಗಳನ್ನೆಲ್ಲ ನೋಡಲು ಬಿಡುತ್ತೀರಾ ಎಂದು ಕೇಳುತ್ತಿದೆ ಎಂದಳು.

“ಮಳೆ ಬರೆಯೋಕೆ ಫೋಟೊ ಯಾಕೆ?”

“ನಾನು ಬರೆದಿದ್ದಲ್ಲ ಅಜ್ಜಿ. ಒಂದು ಭಾಗ ಬೇರೆಯವರು ಮಾಡಿಟ್ಟಿದ್ದನ್ನ ತಂದು ಸೇರಿಸ್ದೆ. ಅದು ಕೇಳ್ತಿದೆ.”

“ಬೇರೆಯವರು ಮಾಡಿಟ್ಟಿದ್ದು ನಿನಗೆ ಸುಮ್ನೆ ಕೊಟ್ಟರಾ?”

“ಸುಮ್ನೆನೇ.”

“ಅದನ್ನ ಕಿತ್ತು ಬಿಸಾಕು. ಬಾಗಿಲಿಗೆ ಬಂದು ಒಳಗೆ ಯಾರ್ಯಾರಿದ್ದೀರಿ ಅಂತ ಕೇಳೋರನ್ನ ನಾನು ಒಳಗೆ ಬಿಡಲ್ಲ.”

ಎರಡು ದಿನ ಮುಖ ಊದಿಸಿಕೊಂಡು ಕೂತು ಆ ಭಾಗವನ್ನು ತೆಗೆದು ತಾನೇ ಬೇರೆ ಬರೆದಳು. ಆಮೇಲೆ, ಅಜ್ಜಿ ನೀನು ಹೇಳಿದ್ದು ಸರಿ ಇತ್ತು ಎಂದಳು. ಅದು ನನಗೆ ಗೊತ್ತಿತ್ತು.

ಒಂದು ವಾರ ಹಲಗೆಯನ್ನು ಮುಟ್ಟದೆ ಆಪಿನಲ್ಲೇ ಸರದಿ ನಡೆಸಿ ನೋಡೋಣ ಎಂದು ಏಳು ಮನೆಯವರೂ ಒಪ್ಪಿದರು. ನಮ್ಮದನ್ನು ಮೊಮ್ಮಗಳು ಬರೆಯುವುದು. ಕೆಳಗಿನ ಮನೆಯವಳ ಫೋನಿನಲ್ಲಿ ಆಪು ಇಳಿಯುವುದಿಲ್ಲವಾದ್ದರಿಂದ ಅವಳು ಮೇಲ್ತೋಟದವನಿಗೆ ಹೇಳುವುದು, ಅವನು ಅವಳ ಪರವಾಗಿ ಬರೆಯುವುದು. ನಮ್ಮ ಮನೆಗೆ ಯಾಕೆ ಹೇಳಬಾರದು ಎಂದು ನಾನು ಕೇಳಿದೆ. ಅವನ ಮನೆ ಹತ್ತಿರ ಅಂದರು. ಸರಿ ಎಂದೆ. ಸೀಮೆಸುಣ್ಣದ ಒಂದು ತುಂಡನ್ನು ಮಾತ್ರ ಸೆರಗಿನ ತುದಿಗೆ ಕಟ್ಟಿಕೊಂಡೆ.

ನಾಲ್ಕನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಮೋಡ ಕವಿದು ಗುಡುಗಿತು. ಇಪ್ಪತ್ತು ನಿಮಿಷ ಹೊಡೆದು ನಿಂತಿತು. ಮಳೆ ನಿಲ್ಲುವ ಮೊದಲೇ ಕರೆಂಟು ಹೋಯಿತು. ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಸಾಯುತ್ತದೆ, ಇಲ್ಲಿ ಅದು ಹೊಸದಲ್ಲ. ನಾನು ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಹೋಗಿ ಡಬ್ಬಿ ನೋಡಿದೆ. ಮೂವತ್ತೆರಡು ಸೆಂಟು. ಅರ್ಧ ಮಳೆ. ಬರೆ, ಬೇಗ ಬರೆ ಎಂದು ಮೊಮ್ಮಗಳಿಗೆ ಹೇಳಿದೆ. ಸಿಗ್ನಲ್ ಇಲ್ಲದಿದ್ದರೂ ಆಪು ತೆಗೆದುಕೊಂಡಿತು. ಸರದಿಯಲ್ಲಿ ನಮ್ಮ ಮನೆ ಮೊದಲು ಎಂದು ತೋರಿಸಿತು. ಇವಳು ಮಾಡಿದ್ದು ಪರವಾಗಿಲ್ಲ ಎಂದು ಆ ಹೊತ್ತು ನನಗೂ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಮಗ ಮತ್ತು ನಾನು ಶೆಡ್ಡಿಗೆ ಹೋದಾಗ ಕೆಳಗಿನ ಮನೆಯವಳು ಆಗಲೇ ಅಲ್ಲಿದ್ದಳು. ಮೊದಲ ಪೈಪನ್ನು ಹೆಗಲಿಗೆ ಏರಿಸಿಕೊಂಡಿದ್ದಳು. ಜೊತೆಗೆ ಮೇಲ್ತೋಟದವನು.

“ಎಲ್ಲಿಗೆ ಹೊತ್ತೆ?” ಎಂದೆ.

“ನಂದೇ ಮೊದಲು ಕಣಕ್ಕ. ಮೂವತ್ತು ಸೆಂಟು ಬಿತ್ತು. ನಿನ್ನೆ ಸಂಜೆನೇ ಬರೆಸಿದೀನಿ.”

ಮೇಲ್ತೋಟದವನು ಫೋನು ತೋರಿಸಿದ. ಅದರಲ್ಲಿ ಅವಳ ಮನೆ ಮೊದಲು, ನಮ್ಮದು ಎಲ್ಲೋ ಕೆಳಗೆ. ಮೊಮ್ಮಗಳು ಓಡಿ ಬಂದು ತನ್ನದನ್ನು ತೋರಿಸಿದಳು. ಅದರಲ್ಲಿ ನಾವು ಮೊದಲು, ಅವಳದು ಕೆಳಗೆ. ಒಂದೇ ಸರದಿ, ಎರಡು ಫೋನು, ಎರಡು ಮಾತು. ಟವರು ಇನ್ನೂ ಎದ್ದಿರಲಿಲ್ಲ. ಇವನ ಫೋನಿನಲ್ಲಿ ಬರೆದದ್ದು ಮೊಮ್ಮಗಳ ಫೋನಿಗೆ ಗೊತ್ತಿಲ್ಲ, ಅದರಲ್ಲಿ ಬರೆದದ್ದು ಇವನದಕ್ಕೆ ಗೊತ್ತಿಲ್ಲ. ಸಿಗ್ನಲ್ ಬಂದ ಮೇಲೆ ಎರಡೂ ಕೂಡಿಕೊಂಡು, ಯಾರು ಮುಂಚೆ ಬರೆದರೋ ಅವರನ್ನು ಮೇಲೆ ಹಾಕುತ್ತವೆ ಎಂದಳು ಮೊಮ್ಮಗಳು. ಗಂಟೆ ನೋಡಿದರೆ ನಾವು ಬರೆದದ್ದು ಹತ್ತು ನಿಮಿಷ ಮುಂಚೆ.

ಕೆರೆಯಲ್ಲಿ ಉಳಿದಿದ್ದ ನೀರು ಒಂದು ತೋಟಕ್ಕೆ ಸಾಲುವಷ್ಟೇ. ಪಂಪಿನ ಬಾಯಿ ಮುಳುಗುವಷ್ಟು ಒರತೆ ಮತ್ತೆ ತುಂಬಲು ನಾಲ್ಕೈದು ದಿನ ಬೇಕು. ಅಂದರೆ ಆ ದಿನ ಪೈಪು ಯಾರ ತೋಟಕ್ಕೆ ಹೋಗುತ್ತದೋ ಅವರ ಮೊಗ್ಗು ಉಳಿಯಿತು. ಇನ್ನೊಬ್ಬರದು ಬಿಸಿಲಿಗೆ.

“ನಾನು ಮೊದಲು ಬರೆಸಿದ್ದು. ಪೈಪ್ ಇಳಿಸು” ಎಂದೆ.

ಅವಳು ಇಳಿಸಲಿಲ್ಲ. ಮೇಲ್ತೋಟದವನ ಕಡೆ ನೋಡಿದಳು. ಅಷ್ಟು ಸಾಕಾಯಿತು ನನಗೆ.

“ಗೊತ್ತಾಯ್ತು ಬಿಡು” ಎಂದೆ ಅವನಿಗೆ. “ಇವಳಿಗೆ ಮೂವತ್ತು ಅಂತ ಬರೆದಿದ್ದು ಯಾರು? ನೀನು. ಇವಳ ನೀರು ಮುಗಿದ್ರೆ ಪೈಪು ನಿನ್ನ ಬೇಲಿ ಪಕ್ಕದಲ್ಲೇ ಬಿದ್ದಿರುತ್ತೆ. ಆಮೇಲೆ ಸರದಿ ಯಾರ್ದೋ?”

“ಅತ್ತೆ, ನಂದು ಅರವತ್ತೈದು ಸೆಂಟು ಬಿದ್ದಿದೆ. ನಾನು ಕೊನೇಲಿದೀನಿ. ನೋಡ್ಕೊಳ್ಳಿ ಬೇಕಾದ್ರೆ.”

ಫೋನಿನಲ್ಲಿ ನೋಡಿದರೆ ಹೌದು, ಅರವತ್ತೈದು. ತನಗೆ ತಾನೇ ಅರವತ್ತೈದು ಎಂದು ಬರೆದುಕೊಂಡವನನ್ನು ಅಷ್ಟು ವರ್ಷದಲ್ಲಿ ನಾನು ಕಂಡಿರಲಿಲ್ಲ. ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

ಡಬ್ಬಿ ಸುಳ್ಳು ಹೇಳಬಹುದು, ಡಬ್ಬಿಯಿಂದ ನೀರು ಚೆಲ್ಲಬಹುದು, ಮಣ್ಣು ಸುಳ್ಳು ಹೇಳುವುದಿಲ್ಲ ಎಂದೆ. ನಡೀರಿ, ಅವಳ ತೋಟದಲ್ಲಿ ಅಗೆದು ನೋಡುತ್ತೇನೆ. ಎಲ್ಲರೂ ಹೋದೆವು. ನಾನೇ ಬಗ್ಗಿ ಗಿಡದ ಬುಡದಿಂದ ತರಗು ಸರಿಸಿ ಕತ್ತಿಯ ಮೊನೆಯಿಂದ ಕೆದಕಿದೆ. ಮೇಲೆ ಎರಡು ಬೆರಳಿನಷ್ಟು ಒದ್ದೆ. ಅದರ ಕೆಳಗೆ ಬೂದಿಯ ಹಾಗೆ ಒಣಗಿದ ಮಣ್ಣು. ಇನ್ನೂ ಮೂರು ಕಡೆ ಕೆದಕಿದೆ. ಎಲ್ಲ ಕಡೆಯೂ ಅಷ್ಟೇ. ಗಿಡದ ರೆಕ್ಕೆಗಳಲ್ಲಿ, ಅಂದರೆ ಅಡ್ಡಕೊಂಬೆಗಳಲ್ಲಿ, ಮೊಗ್ಗು ಆಗಲೇ ಉಬ್ಬಿ ಬೆಳ್ಳಗಾಗುತ್ತಿತ್ತು. ಅವಳು ಹೇಳಿದ್ದು ನಿಜ.

“ಸರಿ, ಅರ್ಧ ಮಳೆನೇ” ಎಂದೆ. “ನನ್ನದೂ ಹಿಂಗೇ ಇದೆ. ಬಂದು ನೋಡಿ. ಆಮೇಲೆ ಮೊದಲು ಬರೆದಿದ್ದು ಯಾರು ಅನ್ನೋದು ಉಳಿಯುತ್ತೆ.”

ನಮ್ಮ ತೋಟಕ್ಕೆ ಬಂದೆವು. ಈ ಸಲ ಕತ್ತಿಯನ್ನು ಮೇಲ್ತೋಟದವನ ಕೈಗೆ ಕೊಟ್ಟೆ, ನಾನು ಮೋಸ ಮಾಡಿದೆ ಎನ್ನಬಾರದು ಎಂದು. ಅವನು ಕೆದಕಿದ. ಎರಡು ಬೆರಳು ಇಳಿದ. ಒದ್ದೆ. ನಾಲ್ಕು ಬೆರಳು. ಒದ್ದೆ. ಒಂದು ಗೇಣಿನ ಹತ್ತಿರ ಇಳಿದ ಮೇಲೂ ಮಣ್ಣು ಕತ್ತಿಗೆ ಅಂಟಿಕೊಂಡೇ ಬಂತು. ಬೇರೆ ಸಾಲಿಗೆ ಹೋಗು ಎಂದೆ. ಅಲ್ಲಿಯೂ ಹಾಗೆಯೇ. ಅವನು ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ನನ್ನ ಕೈಗೆ ಇಟ್ಟ. ಒಣಮಣ್ಣು ಉಂಡೆಯಾಗುವುದಿಲ್ಲ.

“ನನ್ನ ಡಬ್ಬಿ ಮೂವತ್ತೆರಡು ಹೇಳಿದೆ” ಎಂದೆ.

“ಡಬ್ಬಿ ಎಲ್ಲಿದೆ ಅತ್ತೆ?”

ಎಲ್ಲಿದೆ ಎಂದರೆ ಅಂಗಳದ ಮೂಲೆಯಲ್ಲಿ. ದಿನಾ ನೋಡುವ ಜಾಗ. ಹೋಗಿ ಅದರ ಪಕ್ಕ ನಿಂತು, ನೋಡು ಎಂದೆ. ಅವನು ಡಬ್ಬಿ ನೋಡಲಿಲ್ಲ, ಕತ್ತೆತ್ತಿ ಮೇಲೆ ನೋಡಿದ. ಕೆಳಗಿನ ಮನೆಯವಳೂ ಮೇಲೆ ನೋಡಿದಳು. ಆಗ ನಾನೂ ನೋಡಿದೆ.

ಹಲಸಿನ ಮರ. ಒಂದು ದಪ್ಪ ಕೊಂಬೆ ಕೈ ಚಾಚಿದ ಹಾಗೆ ಡಬ್ಬಿಯ ಮೇಲಕ್ಕೆ ಬಂದು ಎಲೆಯ ಚಪ್ಪರ ಹಾಕಿಬಿಟ್ಟಿತ್ತು. ಆ ಮರವನ್ನು ನೆಟ್ಟವಳು ನಾನೇ. ಕಂಬ ನೆಟ್ಟ ವರ್ಷವೇ, ದನ ತುಳಿಯದಿರಲಿ ಎಂದು ಕಂಬದ ಹತ್ತಿರವೇ ನೆಟ್ಟಿದ್ದೆ. ಆಗ ನನ್ನ ಮೊಣಕಾಲಿನ ಎತ್ತರವಿತ್ತು. ಅದರ ಹಲಸಿನ ಹಣ್ಣನ್ನು ಊರಿಗೆಲ್ಲ ಹಂಚಿದ್ದೇನೆ. ಡಬ್ಬಿಯ ಗೆರೆ ನೋಡಲು ದಿನಾ ಬಗ್ಗಿದವಳು ಒಂದು ದಿನವೂ ಕತ್ತೆತ್ತಿರಲಿಲ್ಲ. ಮಳೆಗಾಲದ ಮಳೆ ಗಾಳಿಯ ಜೊತೆ ಅಡ್ಡಡ್ಡ ಹೊಡೆದು ಹೇಗೋ ಒಳಗೆ ಬೀಳುತ್ತದೆ, ಆಗ ವ್ಯತ್ಯಾಸ ತಿಳಿಯುವುದಿಲ್ಲ. ಈ ಇಪ್ಪತ್ತು ನಿಮಿಷದ ಮಳೆಯನ್ನು ಆ ಎಲೆಗಳೇ ಅರ್ಧ ಕುಡಿದಿರುತ್ತವೆ.

“ನಿನಗೆ ಇದು ಗೊತ್ತಿತ್ತಾ?” ಎಂದು ಮೇಲ್ತೋಟದವನನ್ನು ಕೇಳಿದೆ.

“ಎರಡು ಮೂರು ವರ್ಷದಿಂದ ನೋಡ್ತಿದೀನಿ.”

“ಹೇಳೋಕೆ ಬಾಯಿ ಇರಲಿಲ್ವಾ?”

“ನಿಮಗೆ ಹೇಳೋರು ಯಾರು ಅತ್ತೆ? ಮರ ಕಡಿಸೋಕೆ ಬಂದಿದ್ದಾನೆ, ಮನಸ್ಸಲ್ಲಿ ಏನೋ ಇದೆ ಅಂತೀರಿ.”

ಹಾಗೆಯೇ ಹೇಳುತ್ತಿದ್ದೆ. ಅದನ್ನು ಇಲ್ಲ ಎನ್ನಲಾರೆ.

ನನ್ನ ತಲೆ ಬೇರೆ ಕಡೆ ಓಡಿತ್ತು. ಎರಡು ವರ್ಷದ ಹಿಂದೆ ಹೀಗೇ ಒಂದು ಮಳೆ ಬಂದಾಗ ನಾನೂ ಅವಳೂ ಇಬ್ಬರೂ ಅರ್ಧ ಮಳೆ ಎಂದಿದ್ದೆವು. ಶೆಡ್ಡಿಗೆ ನಮ್ಮ ಮನೆ ಹತ್ತಿರವಾದ್ದರಿಂದ ನಾನು ಮೊದಲು ತಲುಪಿ ನನ್ನ ಹೆಸರನ್ನು ನಾನೇ ಮೇಲೆ ಬರೆದು ನೀರು ಹಿಡಿದಿದ್ದೆ. ಆ ವರ್ಷ ಅವಳ ಗಿಡಗಳಲ್ಲಿ ಕಾಯಿ ಅಲ್ಲೊಂದು ಇಲ್ಲೊಂದು. ನನ್ನ ಎದುರು ಅವಳು ಅದನ್ನು ಹೇಳಿಕೊಂಡಾಗ, ನೀನು ಗೊಬ್ಬರ ಸರಿಯಾಗಿ ಹಾಕುವುದಿಲ್ಲ, ಗಿಡ ಏನು ಮಾಡುತ್ತದೆ ಎಂದಿದ್ದೆ. ಅವಳು ಸುಮ್ಮನೆ ಎದ್ದು ಹೋಗಿದ್ದಳು.

ಈಗ ಅವಳು ನನ್ನ ಪಕ್ಕದಲ್ಲಿ ನಿಂತು ಹಲಸಿನ ಕೊಂಬೆಯನ್ನೇ ನೋಡುತ್ತಿದ್ದಳು. ಪೈಪು ಇನ್ನೂ ಹೆಗಲ ಮೇಲೇ ಇತ್ತು, ನನ್ನನ್ನು ನಂಬಿ ಇಳಿಸಿರಲಿಲ್ಲ.

“ಅಕ್ಕ” ಎಂದಳು, “ಈ ವರ್ಷ ಗೊಬ್ಬರ ಎಷ್ಟು ಹಾಕ್ಲಿ?”

ಮೇಲ್ತೋಟದವನು ಬೇರೆ ಕಡೆ ತಿರುಗಿಕೊಂಡ. ನಾನು ಸೆರಗಿನ ತುದಿಯಿಂದ ಸೀಮೆಸುಣ್ಣ ಬಿಚ್ಚಿಕೊಂಡು ಶೆಡ್ಡಿಗೆ ಹೋದೆ. ಹಲಗೆ ಒರೆಸಿ ಅವಳ ಮನೆಯನ್ನು ಮೊದಲು ಬರೆದೆ, ನಮ್ಮದನ್ನು ಕೊನೆಯಲ್ಲಿ ಬರೆದೆ. ನಮ್ಮದರ ಮುಂದೆ ಎಷ್ಟು ಸೆಂಟು ಎಂದು ಬರೆಯಲಿಲ್ಲ, ಯಾಕೆಂದರೆ ನನಗೆ ಗೊತ್ತಿರಲಿಲ್ಲ. ಪೈಪು ಹೊರಲು ಮಗನನ್ನು ಅವಳ ಜೊತೆ ಕಳಿಸಿದೆ. ಎಂಟು ಗಂಟೆಗೆ ಅವಳ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗತೊಡಗಿತು. ಟಕ್ ಟಕ್ ಎಂಬ ಆ ಸದ್ದು ನಮ್ಮ ಅಂಗಳಕ್ಕೆ ಕೇಳುತ್ತದೆ. ಮಧ್ಯಾಹ್ನದವರೆಗೂ ಕೇಳುತ್ತಾ ಕುಳಿತೆ.

ಮಧ್ಯಾಹ್ನ ಟವರು ಎದ್ದಿತು. ಮೊಮ್ಮಗಳ ಫೋನು ಗುಂಯ್ ಎಂದಿತು. ಎರಡು ಫೋನೂ ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬಂದಿದ್ದವು: ಹತ್ತು ನಿಮಿಷ ಮುಂಚೆ ಬರೆದದ್ದರಿಂದ ನಮ್ಮ ಮನೆ ಮೊದಲು. ಆಪಿನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದಕ್ಕೆ ಹಲಸಿನ ಮರ ಕಾಣುವುದಿಲ್ಲ, ಅಷ್ಟೇ.

ಸಂಜೆ ಮೊಮ್ಮಗಳು ಅಳುವ ಹಾಗೆ ಮುಖ ಮಾಡಿಕೊಂಡು ಬಂದಳು. “ಅಜ್ಜಿ, ಎಲ್ಲಾ ಮತ್ತೆ ಮೊದಲಿಂದ ಮಾಡ್ಬೇಕು.”

“ಯಾವ ದಾರಿ?”

“ಮೂರನೇದೇ. ಪುಟ. ಎಲ್ಲರೂ ಒಂದೇ ಜಾಗಕ್ಕೆ ಬಂದು ಬರೀಬೇಕು. ಆಗ ಎರಡು ಸರದಿ ಹುಟ್ಟೋದೇ ಇಲ್ಲ.”

“ಸಿಗ್ನಲ್?”

“ಏರಿ ಮೇಲೆ ಬರ್ಬೇಕು.”

“ಟವರ್ ಸತ್ತ ದಿನ?”

ಅವಳು ನನ್ನ ಕಡೆ ನೋಡಿದಳು. “ಆವತ್ತು ನಿನ್ನ ಹಲಗೆ ಇದೆಯಲ್ಲ.”

“ಅದನ್ನೂ ಬರ್ಕೋ” ಎಂದೆ. “ಇನ್ನೂ ಒಂದಿದೆ. ಅವರವರ ಮಳೆ ಅವರವರು ಬರೀಬಾರದು. ನನ್ನ ಡಬ್ಬಿ ಮೇಲ್ತೋಟದವನು ಬಂದು ನೋಡಿ ಬರೀಲಿ. ಅವನದನ್ನ ಕೆಳಗಿನ ಮನೆಯವಳು ನೋಡ್ಲಿ. ಅವಳದನ್ನ ನಾನು ನೋಡ್ತೀನಿ. ಬಾಕಿ ಮನೆಯೋರಿಗೂ ಹಿಂಗೇ. ನಿನ್ನ ಪುಟಕ್ಕೆ ಇದು ಆಗುತ್ತಾ?”

ಆಗುತ್ತೆ, ಸುಲಭ ಎಂದಳು. ಮೂರು ದಾರಿಗೂ ಆಗುತ್ತಿತ್ತಂತೆ. ಹಾಗಾದರೆ ಮೊದಲೇ ಯಾಕೆ ಮಾಡಲಿಲ್ಲ ಎಂದರೆ, ಮೊದಲು ಯಾರೂ ಕೇಳಲಿಲ್ಲ ಎಂದಳು. ಅದೂ ನಿಜ. ಎಲ್ಲರನ್ನೂ ಅನುಮಾನಿಸುವವಳು ತನ್ನನ್ನೂ ಆ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದರೆ ಅದನ್ನು ಮೊದಲ ದಿನವೇ ಕೇಳಬೇಕಿತ್ತು.

ಕಾಲೇಜಿನಲ್ಲಿ ಅವಳ ಸರ್, ಫೋನಿನಲ್ಲಿ ಇಳಿಯುವಂಥದ್ದನ್ನು ಬಿಟ್ಟು ಈ ಸಾದಾ ಪುಟ ಯಾಕೆ ಮಾಡಿದೆ ಎಂದು ಕೇಳಿದರಂತೆ. ಇವಳು ಮಣ್ಣಿನ ಉಂಡೆಯ ವಿಷಯ ಹೇಳಿದಳಂತೆ. ಅವರು ಎಷ್ಟು ಮಾರ್ಕು ಕೊಟ್ಟರು ಎಂದು ನನಗೆ ಹೇಳಲಿಲ್ಲ. ಕಡಿಮೆ ಕೊಟ್ಟಿರಬೇಕು, ಹೆಚ್ಚು ಕೊಟ್ಟಿದ್ದರೆ ಹೇಳುತ್ತಿದ್ದಳು.

ಡಬ್ಬಿಯ ಕಂಬವನ್ನು ಕಿತ್ತು ಅಂಗಳದ ನಡುವೆ ನೆಡಿಸಿದೆ. ಮರವನ್ನು ಮುಟ್ಟಲಿಲ್ಲ. ಒಂಬತ್ತನೆಯ ದಿನ ಕೆಳಗಿನ ಮನೆಯವಳ ತೋಟ ಹೂ ಬಿಟ್ಟಿತು. ಮರುದಿನ ಮೇಲಿನ ದಾರಿಯಲ್ಲಿ ನಿಂತು ನೋಡಿದೆ. ಹಸಿರು ಎಲೆ ಕಾಣದಷ್ಟು ಬೆಳ್ಳಗೆ. ಜೇನ್ನೊಣದ ಸದ್ದಿಗೆ, ತೋಟದೊಳಗಿನಿಂದ ಅವಳು ಏನು ಹೇಳಿದಳೋ ಸರಿಯಾಗಿ ಕೇಳಲಿಲ್ಲ. ಅವಳ ಕೈಯಲ್ಲಿ ಬುಟ್ಟಿ ಇತ್ತು, ಗೊಬ್ಬರದ ಬುಟ್ಟಿ. ಬೇಕೆಂದೇ ಹಿಡಿದುಕೊಂಡು ನಿಂತಿದ್ದಳು ಎಂದು ನನ್ನ ಅನುಮಾನ. ನಮ್ಮ ತೋಟವೂ ಹೂ ಬಿಟ್ಟಿತು, ನೀರು ಕೊಡುವ ಮೊದಲೇ. ಅಂದರೆ ಮಳೆ ನಮಗೆ ಸಾಕಾಗಿತ್ತು. ಎರಡು ವರ್ಷದ ಹಿಂದೆಯೂ ಸಾಕಾಗಿತ್ತೇನೋ, ಈಗ ಅದನ್ನು ಅಗೆದು ನೋಡುವ ಹಾಗಿಲ್ಲ. ಆ ವರ್ಷದ್ದು ನನ್ನ ಸರದಿಯಲ್ಲ, ನಿನ್ನದಾಗಿತ್ತು ಎಂದು ಅವಳಿಗೆ ಬಾಯಿಬಿಟ್ಟೇ ಹೇಳಿದೆ. “ಗೊತ್ತು ಬಿಡಕ್ಕ” ಎಂದಳು. ಅಷ್ಟರಲ್ಲಿ ಮುಗಿಯಿತೋ ಇಲ್ಲವೋ ಎಂಬುದು ಅವಳ ಮನಸ್ಸಿಗೆ ಬಿಟ್ಟದ್ದು.

ಈಗ ಮಳೆ ನಿಂತ ಕೂಡಲೇ ಮೇಲ್ತೋಟದವನು ನಮ್ಮ ಅಂಗಳಕ್ಕೆ ಬರುತ್ತಾನೆ. ಬಗ್ಗಿ ಗೆರೆ ನೋಡುತ್ತಾನೆ, ಏರಿ ಹತ್ತಿ ಹೋಗಿ ಪುಟದಲ್ಲಿ ಬರೆಯುತ್ತಾನೆ. ನಾನು ಅವನ ಹಿಂದೆಯೇ ಏರಿ ಹತ್ತುತ್ತೇನೆ. ಅವನು ಫೋನಿನಲ್ಲಿ ಬರೆದದ್ದನ್ನು ನಾನು ಹಲಗೆಯ ಮೇಲೂ ಬರೆದು, ಎರಡನ್ನೂ ಪಕ್ಕಪಕ್ಕ ಹಿಡಿದು ನೋಡುತ್ತೇನೆ.

“ಇನ್ನೂ ನಂಬಿಕೆ ಬಂದಿಲ್ವಾ ಅತ್ತೆ?” ಎಂದು ಒಮ್ಮೆ ಕೇಳಿದ.

“ಯಾರ ಮೇಲೆ?” ಎಂದೆ.

ಮುಂದಿನ ಮಳೆಗೆ ಅವನು ಬಂದಾಗ ಗೆರೆ ನೋಡಿ ಸುಮ್ಮನೆ ಹೊರಡದೆ, ನನ್ನನ್ನು ಕರೆದು ಕೊಳವೆಯನ್ನು ನನ್ನ ಕೈಗೆ ಕೊಟ್ಟು, ನೀವೂ ಓದಿ ಎಂದ. ಓದಿದೆ. ಇಬ್ಬರದೂ ನಲವತ್ತಾರು. ಕೊಳವೆ ವಾಪಸು ಕೊಡುವ ಮೊದಲು ಒಂದು ಸಲ ಕತ್ತೆತ್ತಿ ಮೇಲೆ ನೋಡಿದೆ. ಬರೀ ಆಕಾಶವಿತ್ತು.